ಹುರುಳಿ ಗದ್ದೆಯಲ್ಲಿ ಕೂತವರು ಯಾರು

ಜಿಂಕೆಗೆ ಕಾದು ಕೂರುವುದು ಹೇಗೆಂದು ನನಗೆ ಗೊತ್ತಿದೆ ಎಂದು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಂಬಿದ್ದೆ. ಯಾರಾದರೂ ಕೇಳಿದರೆ ಹೇಳುತ್ತಿದ್ದೆ, ಕೇಳದಿದ್ದರೂ ಹೇಳುತ್ತಿದ್ದೆ. ಸೌದಿಯ ಜುಬೈಲಿನ ಕ್ಯಾಂಪಿನಲ್ಲಿದ್ದಾಗ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದ್ದೇನೆ. ಉನೈಜಾದ ಮಣ್ಣು ಮತ್ತು ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಬಂದ ಮೇಲೆ, ಬಾವಿ ನೀರಿನ ಸ್ಯಾಂಪಲ್ ತರಲು ಹೋದ ತೋಟಗಳಲ್ಲೂ ಹೇಳಿದ್ದೇನೆ.

ಕತೆ ಇಷ್ಟೆ. ನನಗೆ ಏಳು ವರ್ಷ. ನನ್ನ ತಾಯಿಯ ತಮ್ಮ, ಅಂದರೆ ಮಾಮ, ಗುಡ್ಡದ ಬುಡದ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಹುರುಳಿ ಹಾಕಿದ್ದರು. ಜಿಂಕೆಗಳು ಬಂದು ತಿನ್ನುತ್ತಿದ್ದವು. ಮಾಮನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇತ್ತು. ಜಿಂಕೆಗೆ ಹೊಡೆಯುವುದು ಆಗಲೂ ಅಪರಾಧವೇ. ಆದರೆ ನಮ್ಮ ಕಡೆ ಅದನ್ನು ಯಾರೂ ಅಪರಾಧವೆಂದು ಹೇಳುತ್ತಿರಲಿಲ್ಲ, ಬೇಟೆಯೆಂದೂ ಹೇಳುತ್ತಿರಲಿಲ್ಲ, 'ಕೂರಲು ಹೋಗುವುದು' ಎನ್ನುತ್ತಿದ್ದರು. ಒಂದು ದಿನ ಮಾಮ ನನ್ನನ್ನೂ ಕೂರಲು ಕರೆದುಕೊಂಡು ಹೋದರು. ನೆಲದ ಮೇಲೆ, ಗದ್ದೆಯ ಬದಿಯಲ್ಲಿ, ಹಳೆಯ ಅಂಗಿ ಹಾಕಿಕೊಂಡು ಕೂತೆ. ಅಂಗಿಗೆ ಬೈಹುಲ್ಲಿನ ಮತ್ತು ಸೆಗಣಿಯ ವಾಸನೆ. ಜಿಂಕೆ ಎಷ್ಟು ಹತ್ತಿರ ಬಂತೆಂದರೆ ಅದರ ಎಡಗಿವಿ ನೊಣ ಓಡಿಸಲು ಅಲುಗಿದ್ದು ಕಾಣಿಸಿತು. ಆಮೇಲೆ ಕೋವಿಯ ಶಬ್ದ. ಆಮೇಲೆ ನಾಲ್ಕೈದು ಮನೆಗೆ ಪಾಲು.

ನಾನು ರಸಾಯನಶಾಸ್ತ್ರ ಓದಿದವನು. ಒಂದು ಸ್ಯಾಂಪಲ್ಲನ್ನು ಎರಡು ಸಲ ಪರೀಕ್ಷಿಸದೆ ಸಹಿ ಹಾಕುವುದಿಲ್ಲ. ದೇವರ ವಿಷಯದಲ್ಲಿ ಊರಿನ ಪಾದ್ರಿಯವರ ಜೊತೆ ವಾದಿಸಿ ತಾಯಿಯ ಕೈಯಲ್ಲಿ ಬೈಸಿಕೊಂಡವನು. ಆದರೆ ಈ ಕತೆಯನ್ನು ಒಂದು ಸಲವೂ ಪರೀಕ್ಷೆಗೆ ಹಾಕಿರಲಿಲ್ಲ.

ಉನೈಜಾದ ಹೊರಗೆ ಒಂದು ತೋಟವಿದೆ. ಖರ್ಜೂರ, ಸ್ವಲ್ಪ ಗೋಧಿ, ಮತ್ತೆ ಕುದುರೆ ಮೇವಿನ ಸೊಪ್ಪು. ತೋಟದ ಹಿಂದೆ ದೊಡ್ಡ ಜಾಗಕ್ಕೆ ಎತ್ತರದ ತಂತಿ ಬೇಲಿ ಹಾಕಿ, ಪರವಾನಗಿ ಪಡೆದು, ತೋಟದ ಯಜಮಾನರು ಮರಳುಗಾಡಿನ ಜಿಂಕೆಗಳನ್ನು ಸಾಕಿದ್ದಾರೆ. ಅವಕ್ಕೆ ಇಲ್ಲಿ ರೀಮ್ ಎನ್ನುತ್ತಾರೆ. ನಮ್ಮ ಜಿಂಕೆಯಂತೆ ಚುಕ್ಕೆಯಿಲ್ಲ, ಮರಳಿನ ಬಣ್ಣ. ಅವುಗಳನ್ನು ನೋಡಿಕೊಳ್ಳುವವರು ಬಂಟ್ವಾಳ ಕಡೆಯ ಬ್ಯಾರಿ, ಅರವತ್ತು ದಾಟಿದವರು. ನಾನು ಅವರನ್ನು ಕಾಕ ಎನ್ನುತ್ತೇನೆ. ಅವರು ನಮ್ಮ ಕಡೆ ಕ್ರಿಶ್ಚಿಯನರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುತ್ತಾರೆ. ನನ್ನ ಜಿಂಕೆ ಕತೆಯನ್ನು ಅವರು ಮೂರು ಸಲವಾದರೂ ಕೇಳಿರಬೇಕು.

ಕಳೆದ ಚಳಿಗಾಲ ಮುಗಿಯುತ್ತ ಬಂದಾಗ ಒಂದು ಮಂಗಳವಾರ ಅವರು ಫೋನ್ ಮಾಡಿದರು.

"ಪೊರ್ಬುಗಳೇ, ನಿಮ್ಮ ಮಾಮನ ಬುದ್ಧಿ ಸ್ವಲ್ಪ ಬೇಕಿತ್ತು."

"ಎಂತ ಆಯ್ತು ಕಾಕ?"

"ದೊಡ್ಡ ಗಂಡು ಉಂಟಲ್ಲ, ಅದರ ಕೊಂಬಿಗೆ ಬೇಲಿಯ ತಂತಿ ಸುತ್ತಿಕೊಂಡಿದೆ ಮಾರಾಯ್ರೆ. ಕುತ್ತಿಗೆಗೂ ಬಿಗಿದಿದೆ. ಮೇಯಲಿಕ್ಕೆ ಬಗ್ಗಿದರೆ ಒಳಗೆ ಕೊಯ್ಯುತ್ತದೆ. ಬಲೆ ಹಾಕಿ ನೋಡಿದೆ ಎರಡು ಸಲ. ಈಗ ನನ್ನನ್ನು ಕಂಡರೆ ಆಗುವುದಿಲ್ಲ ಅದಕ್ಕೆ."

ಸುಡಾನಿನ ಪಶುವೈದ್ಯರೊಬ್ಬರು ಬರಲು ಒಪ್ಪಿದ್ದರು. ಅವರ ಹತ್ತಿರ ಮತ್ತಿನ ಸೂಜಿ ಹಾರಿಸುವ ಕೋವಿ ಇತ್ತು. ಆದರೆ ಅದು ಇಪ್ಪತ್ತೈದು ಹೆಜ್ಜೆಗಿಂತ ದೂರಕ್ಕೆ ಪ್ರಯೋಜನವಿಲ್ಲ. ಯಾರಾದರೂ ಅಷ್ಟು ಹತ್ತಿರ ಮೊದಲೇ ಹೋಗಿ ಕೂತಿರಬೇಕು. ಶನಿವಾರದ ಒಳಗೆ ಆಗದಿದ್ದರೆ ಯಜಮಾನರು ತಮ್ಮ ಮಕ್ಕಳನ್ನು ಪಿಕಪ್ಪಿನಲ್ಲಿ ಒಳಗೆ ಕಳಿಸಿ ಅಟ್ಟಿ ಹಿಡಿಸುತ್ತೇನೆ ಎಂದಿದ್ದರು. ಕಾಕನಿಗೆ ಹೆದರಿಕೆ ಅದರದು. ಹೆಣ್ಣುಗಳೆಲ್ಲ ತುಂಬಿದ ಹೊಟ್ಟೆಯವು, ಇನ್ನೊಂದು ತಿಂಗಳಲ್ಲಿ ಮರಿ ಹಾಕುವವು. ಹಿಂದೊಮ್ಮೆ ಹೀಗೆ ಅಟ್ಟಿದಾಗ ಮೂರು ಹೆಣ್ಣು ಬೇಲಿಗೆ ಬಡಿದು ಕತ್ತು ಮುರಿದುಕೊಂಡಿದ್ದವು. ಅವುಗಳನ್ನು ಹೂತವರು ಕಾಕನೇ.

"ನೀವು ಜಾಗ ತೋರಿಸಿ ಸಾಕು," ಎಂದರು. "ಎಲ್ಲಿ ಕೂರುವುದು, ಯಾವಾಗ ಕೂರುವುದು. ಮತ್ತೆ ಡಾಕ್ಟ್ರು ನೋಡಿಕೊಳ್ತಾರೆ."

ಇಲ್ಲ ಎನ್ನಬಹುದಿತ್ತು. ಹೆಮ್ಮೆಯಾಯಿತು, ಹೂಂ ಎಂದೆ.

ಗುರುವಾರ ನಸುಕಿನಲ್ಲಿ ಮೂವರೂ ಬೇಲಿಯ ಒಳಗಿದ್ದೆವು. ಜಾಗದ ಲೆಕ್ಕ ಸರಳ. ಪಶ್ಚಿಮದ ತುದಿಯಲ್ಲಿ ಗದಾ ಎಂಬ ಮರಳುಗಾಡಿನ ಗಿಡಗಳ ಪೊದೆ, ಜಿಂಕೆಗಳು ಮಲಗುವುದು ಅಲ್ಲಿ. ಪೂರ್ವದ ತುದಿಯಲ್ಲಿ ಕಾಕ ಸೊಪ್ಪು ಹಾಕುವ ಜಾಗ. ನಡುವೆ ಅವು ಓಡಾಡಿ ಬಿದ್ದ ಕಾಲುದಾರಿ. ಮಾಮ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು: ಬೆಳಿಗ್ಗೆ ಕೂರುವುದಾದರೆ ಮುಖ ಗುಡ್ಡದ ಕಡೆಗಿರಲಿ, ಗಾಳಿ ಮುಖಕ್ಕೆ ಬಡಿಯುತ್ತದೆ, ನಮ್ಮ ವಾಸನೆ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಗುಡ್ಡವಿಲ್ಲ. ನಮ್ಮೂರಲ್ಲಿ ಗುಡ್ಡ ಇರುವುದು ಪೂರ್ವಕ್ಕೆ. ಹಾಗಾಗಿ ದಾರಿಯ ಉತ್ತರ ಬದಿಯಲ್ಲಿ, ಒಣಸೊಪ್ಪಿನ ಕಟ್ಟುಗಳ ಹಿಂದೆ, ಪೂರ್ವಕ್ಕೆ ಮುಖ ಮಾಡಿ ಎಲ್ಲರನ್ನೂ ಕೂರಿಸಿದೆ. ಕಾಕ ಫಜರ್ ನಮಾಜು ಮುಗಿಸಿ ಅತ್ತರು ಹಚ್ಚಿಕೊಂಡು ಬಂದಿದ್ದರು.

ಸೂರ್ಯ ಮೇಲೆ ಬಂದ. ನೇರವಾಗಿ ವೈದ್ಯರ ಕಣ್ಣಿಗೆ ಬಂದ. ಅವರು ಅಂಗೈ ಅಡ್ಡ ಹಿಡಿದು ನನ್ನನ್ನೊಮ್ಮೆ ನೋಡಿದರು. ಸೊಪ್ಪು ತಿಂದ ಜಿಂಕೆಗಳು ಪೊದೆಯ ಕಡೆ ಹೊರಟವು. ಇನ್ನೂ ನೂರು ಹೆಜ್ಜೆ ದೂರವಿದ್ದಾಗಲೇ ಮುಂದಿನ ಹೆಣ್ಣು ನಿಂತಿತು, ಮೂಗೆತ್ತಿತು, ಮುಂಗಾಲಿನಿಂದ ನೆಲ ಗುದ್ದಿತು. ಅಷ್ಟೆ. ಎಲ್ಲವೂ ದಕ್ಷಿಣದ ಬೇಲಿಯ ಕಡೆಗೆ ಹಾರಿದವು. ಕೊನೆಯಲ್ಲಿ ಗಂಡು, ಕುತ್ತಿಗೆ ಒಂದು ಕಡೆ ವಾಲಿಸಿಕೊಂಡು. ತಂತಿಯ ತುದಿ ಬಿಸಿಲಿಗೆ ಹೊಳೆಯಿತು. ಬೇಲಿಯ ಹತ್ತಿರ ಒಂದು ಹೆಣ್ಣು ಜಾರಿ ಬಿದ್ದು ಎದ್ದಿತು. ಕಾಕ ಬಾಯಿಗೆ ಕೈ ಇಟ್ಟುಕೊಂಡರು.

ಹೊರಗೆ ಬಂದ ಮೇಲೆ ಕಾಕ ಹೇಳಿದರು, "ನಿಮ್ಮ ಮಾಮ ಎಂತ, ಜಿಂಕೆ ಹೊಡೆಯಲಿಕ್ಕೆ ಹೋಗುತ್ತಿದ್ದದ್ದಾ, ಸೂರ್ಯ ನೋಡಲಿಕ್ಕೆ ಹೋಗುತ್ತಿದ್ದದ್ದಾ?"

ನಗು ಬರಲಿಲ್ಲ, ಅವರಿಗೂ.

ಆ ದಿನ ಪ್ರಯೋಗಾಲಯದಲ್ಲಿ ಕೂತು ನೆನಪನ್ನು ಬಿಚ್ಚಿ ನೋಡಿದೆ. ಬೆಳಿಗ್ಗೆ ಎಂದು ನಾನೇಕೆ ಹೇಳಿದೆ? ನನ್ನ ಕತೆಯಲ್ಲಿ ಜಿಂಕೆಯ ಕಿವಿ ಅಲುಗುವಾಗ ಬೆಳಕು ಕೆಂಪಾಗಿರುತ್ತದೆ. ಅದು ಮುಂಜಾನೆಯ ಕೆಂಪೋ ಸಂಜೆಯದೋ? ನಾನು ಮಾಮನ ಬಲಕ್ಕೆ ಕೂತಿದ್ದೆನೋ ಎಡಕ್ಕೋ? ಹೋಗುವಾಗ ನಡೆದ ದಾರಿ ಯಾವುದು? ಯೋಚಿಸಿದಷ್ಟೂ ಎರಡೇ ವಸ್ತು ಉಳಿದವು: ಕಿವಿ ಮತ್ತು ಅಂಗಿಯ ವಾಸನೆ. ಉಳಿದದ್ದೆಲ್ಲ ನಾನು ಹೇಳುತ್ತ ಹೇಳುತ್ತ ಕಟ್ಟಿದ್ದಿರಬಹುದೆಂಬ ಅನುಮಾನ ಮೊದಲ ಸಲ ಬಂತು. ಮಾಮ ಈಗಿಲ್ಲ, ತಾಯಿಯೂ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಉಡುಪಿ ಹತ್ತಿರ ಇರುವ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ಆರು ವರ್ಷ ದೊಡ್ಡವಳು. ನಾವಿಬ್ಬರೂ ಕೊಂಕಣಿಯಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತುಗಳು ಅವಳವೇ ಎಂದು ಪ್ರಮಾಣ ಮಾಡಲು ಈಗ ಧೈರ್ಯವಿಲ್ಲ.

"ಅಕ್ಕ, ಮಾಮ ನನ್ನನ್ನು ಜಿಂಕೆಗೆ ಕೂರಲು ಕರೆದುಕೊಂಡು ಹೋದದ್ದು ಬೆಳಿಗ್ಗೆಯಾ, ಸಂಜೆಯಾ?"

ಆ ಕಡೆ ಮೀನು ಉಜ್ಜುವ ಶಬ್ದ ನಿಂತಿತು.

"ನಿನ್ನನ್ನಾ?"

"ಹೂಂ. ಹುರುಳಿ ಗದ್ದೆಗೆ."

"ಬಾಬಾ, ನಿನಗೆ ಆಗ ಕೆಪ್ಪಟರಾಯ ಆಗಿತ್ತು. ಮುಖ ಬೂದುಕುಂಬಳದ ಹಾಗೆ ಊದಿತ್ತು. ನೀನು ಒಳಗೆ ಮಲಗಿದ್ದಿ. ಕೂರಲಿಕ್ಕೆ ಹೋದದ್ದು ನಾನು."

ನಾನು ನಕ್ಕೆ. ಅವಳು ನಗಲಿಲ್ಲ.

"ನೀನೇ ಹೋಗಬೇಕೆಂದು ಹಟ ಮಾಡಿದ್ದು ಹೌದು. ನಿನಗೆ ಅಂತ ಇಟ್ಟಿದ್ದ ತಮ್ಮ ಹಳೆಯ ಅಂಗಿಯನ್ನು ಮಾಮ ನನಗೆ ಹಾಕಿಸಿದರು, ಫ್ರಾಕು ಬಿಳಿ ಇತ್ತು ಅಂತ. ಮೊದಲು ಎರಡು ದಿನ ಅದನ್ನು ಹಟ್ಟಿಯ ಬೈಹುಲ್ಲಿನಲ್ಲಿ ಇಟ್ಟಿದ್ದರು. ವಾಪಸ್ಸು ಬಂದ ಮೇಲೆ ನಿನ್ನ ಮೈಮೇಲೆ ಬಿಸಾಡಿದ್ದೆ, ನೀನು ಅಳುತ್ತಿದ್ದಿ ಅಂತ. ನೀನು ಅದನ್ನು ತಬ್ಬಿಕೊಂಡು ಮಲಗಿದ್ದಿ."

"ಹಾಗಾದರೆ ಎಲ್ಲರೂ ನಾನು ಅಂತ ಯಾಕೆ ಹೇಳುತ್ತಿದ್ದರು?"

"ಎಲ್ಲರೂ ಅಲ್ಲ. ಅಮ್ಮ. ನನ್ನ ಸಂಬಂಧಕ್ಕೆ ಇವರ ಮನೆಯವರು ನೋಡಲಿಕ್ಕೆ ಬಂದ ದಿನ. ಚಿಕ್ಕಮ್ಮ ಬಾಯಿ ತಪ್ಪಿ ಹೇಳಿಬಿಟ್ಟರು, ನಮ್ಮ ಹುಡುಗಿ ಕೋವಿಯವರ ಜೊತೆ ಕಾಡಿನಲ್ಲಿ ಕೂತವಳು ಅಂತ. ಇವರ ಅಮ್ಮನ ಮುಖ ಹುಳ್ಳಗಾಯಿತು. ನಮ್ಮಮ್ಮ ತಕ್ಷಣ ಅಂದರು, ಇವಳಲ್ಲ, ಇವಳಲ್ಲ, ತಮ್ಮ. ಕರೆದರು ನಿನ್ನನ್ನು. ನೀನು ಬಂದು ನಿಂತು ಎಷ್ಟು ಚಂದ ಹೇಳಿದಿ ಮಾರಾಯ! ಕಿವಿ ಅಲುಗಿದ್ದು, ನೊಣ, ಎಲ್ಲ. ನಾನು ನಿನಗೆ ಹೇಳಿದ್ದನ್ನೇ. ಅವರು ಇನ್ನೊಂದು ತುಂಡು ಕೇಕು ತಿಂದರು. ಸಂಬಂಧ ಗಟ್ಟಿಯಾಯಿತು."

ಆಗ ನನಗೆ ಹದಿನಾಲ್ಕು ವರ್ಷ ಇರಬೇಕು. ಹದಿನಾಲ್ಕು ವರ್ಷದವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿರುವುದಿಲ್ಲವೇ? ಗೊತ್ತಿದ್ದರೆ, ಆ ಗೊತ್ತು ಎಲ್ಲಿ ಹೋಯಿತು? ಕೇಕು ನೆನಪಿದೆ. ಬಂದವರ ಪೈಕಿ ಒಬ್ಬರ ಹೊಳೆಯುವ ಬೂಟು ನೆನಪಿದೆ. ಹೇಳಿದ್ದು ನೆನಪಿಲ್ಲ. ಅಥವಾ ಅಕ್ಕನೇ ತಪ್ಪಿರಬಹುದು. ನೆನಪು ಅವಳದ್ದೂ ನನ್ನದರಷ್ಟೇ ಹಳೆಯದು.

ಇದನ್ನೆಲ್ಲ ಬಿಡಿಸುವ ಹೊತ್ತು ಅದಾಗಿರಲಿಲ್ಲ. ಗಂಡು ಜಿಂಕೆಯ ವಿಷಯ, ಬೆಳಿಗ್ಗೆ ಆದ ಪಜೀತಿ, ಶನಿವಾರದ ಪಿಕಪ್ಪು ಎಲ್ಲ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ:

"ಅಲ್ಲಿ ಗಾಳಿ ಯಾವ ಕಡೆಯಿಂದ?"

ನನಗೆ ಗೊತ್ತಿರಲಿಲ್ಲ.

"ಬೆಳಿಗ್ಗೆ ಗುಡ್ಡದಿಂದ, ಮಧ್ಯಾಹ್ನದ ಮೇಲೆ ಕಡಲಿನಿಂದ. ಅದು ನಮ್ಮ ಗಾಳಿ, ಬಾಬಾ. ಅಲ್ಲಿ ಕಡಲು ಎಲ್ಲುಂಟು?"

ಹತ್ತಿರದ ಕಡಲು ಒಂದು ದಿನದ ಪ್ರಯಾಣ. ಕಡಲ ತೀರದ ಯಾನ್ಬುವಿನಲ್ಲಿಯೋ ಜುಬೈಲಿನಲ್ಲಿಯೋ ಇದ್ದಿದ್ದರೆ ಈ ತಪ್ಪಿಗೆ ಏನಾದರೂ ಸಬೂಬು ಇರುತ್ತಿತ್ತು. ಕರಾವಳಿಯವನು ಗಡಿಯಾರ ನೋಡಿ ಗಾಳಿಯ ದಿಕ್ಕು ಹೇಳುತ್ತಾನೆ. ನಾನು ಮರಳುಗಾಡಿನ ನಡುವೆ ಕೂತು ಅದನ್ನೇ ಮಾಡಿದ್ದೆ. ದೇವರನ್ನು ಅನುಮಾನಿಸಿದವನು ಗಾಳಿಯನ್ನು ನಂಬಿದ್ದೆ.

"ಮರಳು ಕೈಯಲ್ಲಿ ಹಿಡಿದು ಬಿಡು. ಹೋದ ಕಡೆಗೆ ನಿನ್ನ ವಾಸನೆ ಹೋಗುತ್ತದೆ. ಅಷ್ಟೂ ತಿಳಿಯುವುದಿಲ್ಲವಾ, ಎಂಎಸ್ಸಿ ಮಾಡಿದವನಿಗೆ?" ಎಂದಳು. ಆಮೇಲೆ ಒಂದೊಂದಾಗಿ ಹೇಳಿದಳು, ಮಧ್ಯೆ ಮಧ್ಯೆ ಯಾರಿಗೋ ಸಾರು ಇಳಿಸಲು ಹೇಳುತ್ತ. ದಾರಿಯ ಮೇಲೆ ಕೂರಬಾರದು, ಪಕ್ಕಕ್ಕೆ. ಎರಡು ದಾರಿ ಸೇರುವಲ್ಲಿ ಸಿಕ್ಕಿದರೆ ಒಳ್ಳೆಯದು, ಅಲ್ಲಿ ಅವು ಒಂದು ಗಳಿಗೆ ನಿಲ್ಲುತ್ತವೆ. ಎದುರಿಗೆ ಮರೆ ಬೇಡ, ಬೆನ್ನಿಗೆ ನಮಗಿಂತ ಅಗಲವಾದದ್ದು ಏನಾದರೂ ಇರಬೇಕು, ಇಲ್ಲದಿದ್ದರೆ ಆಕಾಶದ ಮುಂದೆ ತಲೆ ಕಾಣುತ್ತದೆ. ಮುಖದ ಮೇಲೆ ಬಿಸಿಲು ಬೀಳಬಾರದು, ಮುಖ ಹೊಳೆಯುತ್ತದೆ. ನಾವು ಹೋಗಿ ಕೂರುವ ದಾರಿ ಅವು ಬರುವ ದಾರಿಯನ್ನು ದಾಟಬಾರದು. ಬೆಳಿಗ್ಗೆ ಹೊಟ್ಟೆ ತುಂಬಿದ ಜಿಂಕೆ ಹೆದರಿ ಹೋಗುತ್ತದೆ, ಸಂಜೆ ಹಸಿದ ಜಿಂಕೆ ಹೆದರಿದರೂ ಬರುತ್ತದೆ. ಅವು ಏಳುವುದಕ್ಕೆ ತುಂಬ ಮೊದಲೇ ಹೋಗಿ ಕೂರಬೇಕು.

"ಎಷ್ಟು ಜನ ಕೂತಿದ್ದಿರಿ?"

"ಮೂರು."

"ಮೂರು! ಬಸ್ ಸ್ಟ್ಯಾಂಡಾ ಅದು?"

"ಮತ್ತೆ ಕಾಕ?"

"ಆ ಬ್ಯಾರಿ ದಿನಾ ಮಾಡುವ ಕೆಲಸ ಮಾಡಲಿ. ಸೊಪ್ಪು ಹಾಕಲಿ, ಹೋಗಲಿ. ದಿನದ ಹಾಗೆ ನಡೆದರೆ ಅವಕ್ಕೆ ಧೈರ್ಯ. ಮತ್ತೆ ಅತ್ತರು ಬೇಡ ಅಂತ ಹೇಳು."

ಶುಕ್ರವಾರ ಕಾಕನಿಗೆ ಅತ್ತರು ಬೇಡ ಎಂದು ಹೇಳುವುದು ನನ್ನ ಜೀವನದ ಕಷ್ಟದ ಕೆಲಸಗಳಲ್ಲಿ ಒಂದು.

"ಜುಮ್ಮಾ ದಿನ ಅತ್ತರಿಲ್ಲದೆ ಹೋಗುವುದಾ? ಯಾರು ಹೇಳಿದ್ದು ಇದನ್ನು?"

"ನನ್ನ ಅಕ್ಕ."

"ಅಕ್ಕನಿಗೆ ಎಂತ ಗೊತ್ತು?"

"ಹೋಗಿ ಕೂತದ್ದು ಅವಳಂತೆ ಕಾಕ. ನಾನಲ್ಲ."

"ಮೂರು ವರ್ಷದಿಂದ ನನಗೆ ಹೇಳಿದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ ಎಂತ? ಒಂದೋ ಕೂತಿದ್ದೀರಿ, ಒಂದೋ ಕೂತಿಲ್ಲ." ಎದ್ದು ನಡೆದರು. ಆದರೆ ಜುಮ್ಮಾ ನಮಾಜಿನಿಂದ ಬಂದು ಬಟ್ಟೆ ಬದಲಿಸಿ, ದಿನವೂ ತೋಟದ ಕುರಿಗಳ ಹಟ್ಟಿಗೆ ಹಾಕಿಕೊಳ್ಳುವ ಹಳೆಯ ತೋಬು ನಿಲುವಂಗಿಯಲ್ಲಿ ಕಾಣಿಸಿಕೊಂಡರು.

ಮಧ್ಯಾಹ್ನವೇ ನಾನು ಬೇಲಿಯ ಹೊರಗೆ ನಿಂತು ಮರಳು ಹಿಡಿದು ಬಿಟ್ಟಿದ್ದೆ. ಉತ್ತರದಿಂದ ದಕ್ಷಿಣಕ್ಕೆ ಹೋಯಿತು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ, ಮತ್ತೆ ಇನ್ನೊಮ್ಮೆ. ಅದೇ. ಅಂದರೆ ಕೂರಬೇಕಾದದ್ದು ದಾರಿಯ ದಕ್ಷಿಣಕ್ಕೆ, ಗುರುವಾರ ಕೂತದ್ದರ ತೀರಾ ವಿರುದ್ಧ ಬದಿಗೆ. ಪೊದೆಯಿಂದ ಬರುವ ಎರಡು ಕಾಲುದಾರಿಗಳು ಸೇರುವಲ್ಲಿ, ಸುಮಾರು ಇಪ್ಪತ್ತು ಹೆಜ್ಜೆ ದೂರದಲ್ಲಿ ಒಡೆದ ಸಿಮೆಂಟಿನ ನೀರಿನ ತೊಟ್ಟಿ ಬಿದ್ದಿತ್ತು, ಸೊಂಟದೆತ್ತರ. ಅದಕ್ಕೆ ಬೆನ್ನು ಕೊಟ್ಟರೆ ಪಶ್ಚಿಮದ ಬಿಸಿಲಿಗೆ ಮುರಿದ ಗೋಡೆಯ ನೆರಳು ಬರುತ್ತದೆ. ಇಳಿಹೊತ್ತಿನ ಅಸರ್ ಬಾಂಗಿಗೆ ಮೊದಲೇ, ದಕ್ಷಿಣದ ಸಣ್ಣ ಗೇಟಿನಿಂದ ವೈದ್ಯರೂ ನಾನೂ ಬಗ್ಗಿಕೊಂಡು ಹೋಗಿ ಕೂತೆವು. ಯಾವ ದಾರಿಯನ್ನೂ ದಾಟಲಿಲ್ಲ.

ಕೂತ ಹತ್ತು ನಿಮಿಷಕ್ಕೆ ನನ್ನ ಮೈಯೇ ಸಾಕ್ಷಿ ಹೇಳತೊಡಗಿತು. ನಾನು ಒಂದು ಕಡೆ ಕೂರುವವನಲ್ಲ. ಪೂಜೆಯ ಹೊತ್ತಿನಲ್ಲಿ ಇಗರ್ಜಿಯ ಬೆಂಚಿನಲ್ಲಿ ಕಾಲು ಕುಣಿಸಿ ಹೊಡೆತ ತಿಂದವನು. ಈಗಲೂ ಪ್ರಯೋಗಾಲಯದಲ್ಲಿ ನಿಂತೇ ಬರೆಯುತ್ತೇನೆ. ಏಳನೇ ವಯಸ್ಸಿನಲ್ಲಿ ಎರಡು ಗಂಟೆ ಅಲುಗದೆ ಕೂತಿದ್ದೆ ಎಂದು ಯಾವ ಧೈರ್ಯದಲ್ಲಿ ನಂಬಿದೆ? ಕಾಲು ಜೋಮು ಹಿಡಿಯಿತು. ಮೂಗಿನ ತುದಿ ತುರಿಸಿತು. ವೈದ್ಯರು ತೊಡೆಯ ಮೇಲೆ ಕೋವಿ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಕಲ್ಲಿನ ಹಾಗಿದ್ದರು. ಒಮ್ಮೆ ನಾನು ಮೊಣಕಾಲು ಸರಿಸಲು ಹೊರಟಾಗ ಒಂದೇ ಬೆರಳು ಎತ್ತಿ ನನ್ನನ್ನು ನಿಲ್ಲಿಸಿದರು.

ಕಾಕ ಬಂದರು. ದಿನದ ಹಾಗೆ ಕೈಗಾಡಿ ತಳ್ಳಿಕೊಂಡು, ದಿನದ ಹಾಗೆ ಬ್ಯಾರಿ ಭಾಷೆಯಲ್ಲಿ ಜಿಂಕೆಗಳನ್ನು ಬೈಯುತ್ತ, ಸೊಪ್ಪು ಹರಡಿದರು. ನಮ್ಮ ಕಡೆ ತಿರುಗಲಿಲ್ಲ. ಹೋಗುವಾಗ ಮಾತ್ರ ನಡಿಗೆ ಸ್ವಲ್ಪ ನಿಧಾನವಾಯಿತು.

ಮೊದಲು ಹೆಣ್ಣುಗಳು ಬಂದವು, ಭಾರದ ಹೊಟ್ಟೆ ತೂಗುತ್ತ. ಎರಡು ದಾರಿ ಸೇರುವಲ್ಲಿ ಒಂದೊಂದೂ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಅಕ್ಕ ಹೇಳಿದ ಹಾಗೆಯೇ. ಗಂಡು ಬರಲಿಲ್ಲ. ಬೆಳಕು ಹಳದಿಯಾಗಿ, ಆಮೇಲೆ ಕೆಂಪಾಯಿತು. ನನ್ನೊಳಗೆ ಒಂದು ಕೆಟ್ಟ ಯೋಚನೆ ಬಂತು: ಅದು ಬರದಿದ್ದರೆ ಅಕ್ಕನ ಮಾತು ಸುಳ್ಳೆಂದಾಗುತ್ತದೆ, ನನ್ನ ಕತೆ ನನಗೆ ವಾಪಸ್ಸು ಸಿಗುತ್ತದೆ. ಮರುಕ್ಷಣ ಪಿಕಪ್ಪಿನ ನೆನಪಾಗಿ ನಾಚಿಕೆಯಾಯಿತು.

ಅದು ಬಂತು. ಎಲ್ಲದರ ಹಿಂದೆ, ಒಂದೇ. ಕುತ್ತಿಗೆಯಲ್ಲಿ ತಂತಿಯ ಸುತ್ತ ಕಪ್ಪಾಗಿ ಒಣಗಿದ ರಕ್ತ. ದಾರಿ ಸೇರುವಲ್ಲಿ ನಿಂತು ಸೊಪ್ಪಿನ ಕಡೆ ನೋಡಿತು. ಎಡಗಿವಿ ಅಲುಗಿತು. ಗಾಯದ ನೊಣ ಇರಬೇಕು.

ಎಡಗಿವಿಯೇ. ಈಗ ಇದನ್ನು ಬರೆಯುವಾಗ ನನಗೆ ಎರಡು ಕಿವಿಗಳನ್ನು ಬೇರೆ ಮಾಡಲು ಆಗುತ್ತಿಲ್ಲ. ಇದನ್ನು ನೋಡಿ ಅದನ್ನು ನೆನೆಸಿಕೊಂಡೆನೋ, ಅದನ್ನು ನೆನೆಸಿಕೊಂಡಿದ್ದರಿಂದ ಇದರಲ್ಲಿ ಎಡಗಿವಿ ಕಂಡಿತೋ.

ಕೋವಿ ಉಸ್ಸೆಂದಿತು. ಜಿಂಕೆ ನೆಗೆಯಿತು, ಮೂವತ್ತು ಹೆಜ್ಜೆ ಓಡಿತು, ನಿಂತಿತು, ಮುಂಗಾಲು ಮಡಚಿತು. ವೈದ್ಯರು ಹೋಗಿ ಅದರ ಕಣ್ಣಿಗೆ ಬಟ್ಟೆ ಕಟ್ಟಿದರು. ಕಾಕ ಗೇಟಿನಿಂದ ಓಡಿ ಬಂದರು, ಕಟಿಂಗ್ ಪ್ಲೇಯರ್ ಅವರ ಜೇಬಿನಲ್ಲೇ ಇತ್ತು. ತಂತಿ ಮೂರು ಕಡೆ ತುಂಡರಿಸಿ, ಗಾಯ ತೊಳೆದು, ಮದ್ದು ಹಚ್ಚಿ, ಎಚ್ಚರದ ಸೂಜಿ ಕೊಟ್ಟು ನಾವು ಹಿಂದೆ ಸರಿದೆವು. ಅದು ಎದ್ದು, ಎರಡು ಸಲ ತೂರಾಡಿ, ತಲೆಯನ್ನು ಪೂರ್ತಿ ಕೆಳಗೆ ಬಗ್ಗಿಸಿ ನೆಲ ಮೂಸಿತು. ಆ ಬಗ್ಗುವುದನ್ನು ನೋಡಿ ಕಾಕ ತಂತಿಯ ತುಂಡುಗಳನ್ನು ಹಿಡಿದುಕೊಂಡೇ ಮರಳಿನ ಮೇಲೆ ಕೂತುಬಿಟ್ಟರು.

ಶನಿವಾರ ಯಜಮಾನರು ಬಂದು ನೋಡಿ, ಗಹ್ವಾ ಎಂಬ ಅರಬಿ ಕಾಫಿ ಕುಡಿಸಿದರು. ಕಾಕ ನನ್ನನ್ನು ತೋರಿಸಿ ಹಿಂದಿನ ಅಭ್ಯಾಸದಿಂದ, "ಇವರು ಚಿಕ್ಕಂದಿನಿಂದಲೇ..." ಎಂದು ಅರಬಿಯಲ್ಲಿ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ನನ್ನ ಕಡೆ ನೋಡಿದರು. ನಾನು ನನ್ನ ಮುರುಕು ಅರಬಿಯಲ್ಲಿ ನನ್ನ ಅಕ್ಕ, ಇಂಡಿಯಾದಲ್ಲಿ, ಅವಳು ಹೇಳಿಕೊಟ್ಟದ್ದು ಎಂದೆ. ಯಜಮಾನರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಮ್ಮ ಅಜ್ಜಿಯೂ ಒಳ್ಳೆಯ ಗುರಿಗಾರ್ತಿಯಾಗಿದ್ದರು ಎಂದರು. ಎರಡು ಡಬ್ಬ ಸುಕ್ಕರಿ ಖರ್ಜೂರ ತರಿಸಿ, ಬೇಟೆಗಾರ್ತಿ ಅಕ್ಕನಿಗೆ ಕಳಿಸಬೇಕೆಂದು ನನ್ನ ಕೈಯಲ್ಲಿಟ್ಟರು.

ಊರಿಗೆ ಹೋಗುವವರೊಬ್ಬರ ಕೈಯಲ್ಲಿ ಡಬ್ಬ ಹೋಯಿತು. ಎರಡು ವಾರ ಬಿಟ್ಟು ಅಕ್ಕ ಫೋನ್ ಮಾಡಿದಳು.

"ಇವರು ಕೇಳಿದರು, ಯಾರೋ ಅರಬಿ ನಿನಗೆ ಖರ್ಜೂರ ಯಾಕೆ ಕಳಿಸುವುದು ಅಂತ. ಹೇಳಿದೆ. ಎಲ್ಲ ಹೇಳಿದೆ. ಇವರ ಅಮ್ಮ ಹೋಗಿ ಎಂಟು ವರ್ಷ ಆಯಿತು, ಇನ್ನು ಎಂತ ಹೆದರಿಕೆ?"

"ಭಾವ ಏನಂದರು?"

"ನಂಬುವುದಿಲ್ಲ ಬಾಬಾ! ನಿನ್ನ ಬಾಯಿಯಿಂದ ತಾನೇ ಕೇಳಿದ್ದೇನೆ ಅಂತಾರೆ, ಹೆಣ್ಣು ನೋಡಲಿಕ್ಕೆ ಬಂದ ದಿನ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು ನನ್ನ ಮಾತು ನಂಬಿಕೆಯಿಲ್ಲ, ನಿನ್ನದು ಉಂಟು. ಇಗೋ, ಅವರಿಗೇ ಕೊಡುತ್ತೇನೆ. ನೀನು ಅಲ್ಲಿ ಇರಲಿಲ್ಲ ಅಂತ ಹೇಳು. ಸ್ವಲ್ಪ ಗಟ್ಟಿಯಾಗಿ ಹೇಳು."

ಫೋನು ಕೈ ಬದಲಾಗುವ ಸದ್ದು ಕೇಳಿಸಿತು. ಎಂದೂ ನನ್ನ ಮುಂದೆ ಏರುದನಿ ಮಾಡದ ಭಾವ ಕೆಮ್ಮಿ, "ಹಾಂ ಭಾವ, ಎಂತ ಇದು?" ಎಂದರು. ನನ್ನ ಕಣ್ಣ ಮುಂದೆ ಕಿವಿ ಇತ್ತು, ಮೂಗಿನಲ್ಲಿ ಬೈಹುಲ್ಲಿನ ವಾಸನೆ ಇತ್ತು. ನನ್ನ ಬಳಿ ಪುರಾವೆ ಎಂದು ಇದ್ದದ್ದು ಒಂದೇ, ಕೆಪ್ಪಟರಾಯ. ಅದೂ ಅಕ್ಕ ಹೇಳಿದ್ದು.

"ನಾನು ಇರಲಿಲ್ಲ ಭಾವ," ಎಂದೆ. "ಅವಳೇ ಕೂತದ್ದು."

"ಖಂಡಿತವಾ?"

"ಖಂಡಿತ."

ಭಾವ ಫೋನಿನಿಂದ ಬಾಯಿ ಆಚೆ ಮಾಡಿ ಅವಳನ್ನು ಕೇಳಿದ್ದು ನನಗೆ ಕೇಳಿಸಿತು: "ಎಷ್ಟು ಹತ್ತಿರ ಬಂದಿತ್ತು?"

ಅಕ್ಕ ಹೇಳತೊಡಗಿದಳು. ಫೋನ್ ಇಡಲು ಇಬ್ಬರೂ ಮರೆತಿದ್ದರು. ನಾನೂ ಇಡಲಿಲ್ಲ, ಕೇಳುತ್ತ ನಿಂತೆ. ಅವಳ ಕತೆಯಲ್ಲಿ ಅದು ಬಲಗಿವಿ.